ವಿಚಾರಣೆ ಕೌಂಟರಿನಲ್ಲಿ ಐದು ಕೋಳಿ

ಅಂದಾಜಣ್ಣ ಅನ್ನುವ ಅಡ್ಡಹೆಸರನ್ನು ಬೀದಿಯವರು ಸುಮ್ಮನೆ ಇಟ್ಟಿರಲಿಲ್ಲ. ಅವನು ಹುಟ್ಟಿದಾಗಿನಿಂದ ಅಳತೆ ಟೇಪು ಮುಟ್ಟಿದವನಲ್ಲ. ಕಿಟಕಿಗೆ ಪರದೆ ಬೇಕೆಂದರೆ ಒಂದು ಕಣ್ಣು ಮುಚ್ಚಿ ದೂರದಿಂದ ನೋಡುವುದು, ತಲೆಯಾಡಿಸುವುದು, ಸೀದಾ ಅಂಗಡಿಗೆ ಹೋಗುವುದು. ಹಾಗಾಗಿ ಅವರ ಮನೆಯ ಪರದೆಗಳಲ್ಲಿ ಒಂದು ನೆಲ ಗುಡಿಸುತ್ತಿತ್ತು, ಇನ್ನೊಂದು ಕಿಟಕಿಯ ಅರ್ಧಕ್ಕೇ ಸುಸ್ತಾಗಿ ನಿಂತಿತ್ತು. ಹೆಂಡತಿ ಕೇಳಿದರೆ, "ಬೆಳಕು ಬೇಡವೇನೇ?" ಅನ್ನುತ್ತಿದ್ದ.

ಆದರೆ ಕಚೇರಿಯಲ್ಲಿ ಅವನನ್ನು ಮೀರಿಸಿದವರಿಲ್ಲ. ಪ್ರಮಾಣಪತ್ರ ಕೊಡುವ ಕಚೇರಿ, ಮೂರನೇ ಕೌಂಟರು, ಹತ್ತೊಂಬತ್ತು ವರ್ಷ. ಕಿಂಡಿಯಿಂದ ಒಂದು ಕೈ ಕಾಗದ ಚಾಚುತ್ತದೆ. ಇವನು ಮುಖ ನೋಡದೆ ತೆಗೆದುಕೊಳ್ಳುತ್ತಾನೆ, ಏನು ಕಡಿಮೆಯಿದೆ ಹೇಳುತ್ತಾನೆ, ವಾಪಸು ತಳ್ಳುತ್ತಾನೆ. ಏನೂ ಕಡಿಮೆಯಿಲ್ಲದ ಕಾಗದ ಇದುವರೆಗೆ ಅವನ ಕಣ್ಣಿಗೆ ಬಿದ್ದಿಲ್ಲ.

ಇಂಥ ಅಂದಾಜಣ್ಣ ಕೋಳಿಗೂಡು ಕಟ್ಟಲು ಹೊರಟಿದ್ದು ಅವನ ಸೋದರತ್ತೆಯಿಂದಾಗಿ. ಅತ್ತೆ ಇದ್ದ ಹಳೆ ಮನೆಯನ್ನು ಒಡೆಯುವವರಿದ್ದರು. ಆಕೆ ಬರುವ ಭಾನುವಾರ ಮೂರನೇ ಮಹಡಿಯ ಒಂದು ಕೋಣೆಗೆ ಹೋಗಬೇಕು. ಮೂರನೇ ಮಹಡಿಯಲ್ಲಿ ಕೋಳಿ ಸಾಕುವ ಹಾಗಿಲ್ಲ. ಆಕೆಗೆ ಐದು ಕೋಳಿಗಳಿದ್ದವು. ಅವುಗಳಲ್ಲಿ ದೊರೆಸಾನಿ ಅನ್ನುವ ಕಪ್ಪು ಕೋಳಿಯೊಂದಿಗೆ ಆಕೆ ದಿನಕ್ಕೆ ಎರಡು ಗಂಟೆ ಮಾತಾಡುತ್ತಿದ್ದಳು. ನೆಂಟರೊಂದಿಗೆ ಅಷ್ಟು ಮಾತಿರಲಿಲ್ಲ.

"ಕೋಳಿ ಅಂಗಡಿಯವನಿಗೆ ಹೇಳಿದೀನಿ, ಭಾನುವಾರ ತಗೊಂಡು ಹೋಗ್ತಾನೆ," ಎಂದಳು ಅತ್ತೆ, ಗಂಡಹೆಂಡಿರಿಬ್ಬರನ್ನೂ ತನ್ನ ಮನೆಗೆ ಊಟಕ್ಕೆ ಕರೆದಿದ್ದ ದಿನ. ಹೇಳಿದವಳು ತಟ್ಟೆ ನೋಡುತ್ತ ಕೂತಳು. ತುತ್ತು ಬಾಯಿಗೆ ಹೋಗಲಿಲ್ಲ.

ಅಂದಾಜಣ್ಣನಿಗೆ ಕರುಳು ಚುರುಕ್ ಅಂದಿತು. ಕರುಳು ಚುರುಕ್ ಅಂದಾಗ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ಅವನು ಬಾಯಿ ಬಿಟ್ಟ.

"ಯಾಕೆ ಅಂಗಡಿಯವನು? ನಮ್ಮ ಮನೇಲಿ ಸಾಕ್ತೀನಿ. ಗೂಡು ಕಟ್ಟೋದೇನು ಮಹಾ, ಅರ್ಧ ದಿನದ ಕೆಲಸ. ಖರ್ಚೂ ಇಲ್ಲ."

"ಪುಸ್ತಕದ ಕಪಾಟೂ ಅರ್ಧ ದಿನದ ಕೆಲಸ ಅಂದಿದ್ರಿ," ಅಂದಳು ಹೆಂಡತಿ. "ಪುಸ್ತಕ ಇನ್ನೂ ಮಂಚದ ಕೆಳಗಿವೆ."

ಅತ್ತೆ ಅವನನ್ನೇ ದಿಟ್ಟಿಸಿದಳು. "ಭಾನುವಾರ ಕೋಳಿ ತಗೊಂಡು ನಿನ್ನ ಮನೆಗೆ ಬರ್ತೀನಿ. ಅಂಗಡಿಯವನ ಗಾಡೀಲೇ ಬರ್ತೀನಿ. ಗೂಡು ಇತ್ತು ಅಂದ್ರೆ ಕೋಳಿ ನಿಂದು. ಇಲ್ಲ ಅಂದ್ರೆ ಅದೇ ಗಾಡೀಲಿ ಅವನ ಜೊತೆ ಹೋಗ್ತವೆ. ನಾನು ತಿರುಗಿ ನೋಡಲ್ಲ."

ಸೋಮವಾರದಿಂದ ಬುಧವಾರದವರೆಗೆ ಅಂದಾಜಣ್ಣ ಓದಿದ. ಹೊಸಬರಿಗಾಗಿ ಬರೆದ ಒಂದು ತೆಳು ಪುಸ್ತಕ ಎಲ್ಲೋ ಸಿಕ್ಕಿತ್ತು. ಗಾಳಿ ಆಡಬೇಕು, ತಂತಿಬಲೆ ಇರಬೇಕು, ಇಲಿ ನುಗ್ಗದ ಹಾಗೆ ನೆಲ ಎತ್ತರವಿರಬೇಕು, ಕೂರಲು ಅಡ್ಡಕೋಲು, ಮೊಟ್ಟೆಯಿಡಲು ಕತ್ತಲೆಯ ಮೂಲೆ. ಗುರುವಾರ ಮರದಂಗಡಿಗೆ ಹೋಗಿ ಹಲಗೆಯ ಬೆಲೆ ಕೇಳಿದ. ಕೇಳಿದವನು ಅಂಗಡಿಯವನ ಮನೆಮಂದಿಯ ಆರೋಗ್ಯ ವಿಚಾರಿಸಿ, ಅದಕ್ಕೇ ಬಂದವನ ಹಾಗೆ ಹೊರಗೆ ಬಂದ. ಅಲ್ಲಿಂದ ಮೂರು ಬೀದಿ ಆಚೆಗಿನ ಗುಜರಿಗೆ ಹೋದ. ಗುಜರಿಯ ಮೂಲೆಯಲ್ಲಿ ಅವನ ಭಾಗ್ಯ ಧೂಳು ಹಿಡಿದು ನಿಂತಿತ್ತು.

ಅದೊಂದು ಹಳೆ ಕೌಂಟರು. ಯಾವುದೋ ನಿಲ್ದಾಣದಿಂದ ಕಿತ್ತು ತಂದದ್ದು. ಆಳುದ್ದದ ಮರದ ಗೂಡು, ನಾಲ್ಕು ಕಾಲಿನ ಮೇಲೆ ಹಲಗೆಯ ನೆಲ, ಹಿಂದೆ ಚಿಲಕವಿರುವ ಬಾಗಿಲು, ಮುಂದೆ ತಂತಿಬಲೆಯ ಕಿಟಕಿ, ಕಿಟಕಿಯ ಬುಡದಲ್ಲಿ ಅರ್ಧಚಂದ್ರದ ಕಿಂಡಿ. ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ 'ವಿಚಾರಣೆ', ಅದರ ಕೆಳಗೆ ಚಿಕ್ಕದಾಗಿ 'ಸಾಲಾಗಿ ನಿಲ್ಲಿರಿ'.

"ಇದಕ್ಕೆ ಎಷ್ಟು?"

"ಎತ್ತಿಕೊಂಡು ಹೋದ್ರೆ ನಾನೇ ನಿಮಗೆ ಚಹಾ ಕುಡಿಸ್ತೀನಿ," ಅಂದ ಗುಜರಿಯವನು. "ಎರಡು ವರ್ಷದಿಂದ ನನ್ನ ಜಾಗ ತಿಂತಾ ಇದೆ."

ಗೂಡನ್ನು ಹಿತ್ತಿಲಿಗೆ ಹಾಕುವುದೆಂದು ಅಂದಾಜಣ್ಣನ ಯೋಜನೆ. ಹಿತ್ತಿಲಿಗೆ ಹೋಗಲು ಮನೆಯ ಪಕ್ಕದ ಸಂದೊಂದೇ ದಾರಿ. ಕೌಂಟರು ಸಂದಿನಲ್ಲಿ ಹಿಡಿಯುತ್ತದೋ ಇಲ್ಲವೋ ನೋಡಬೇಕಲ್ಲ. ಹೆಂಡತಿ ಒಂದು ದಾರ ಕೊಟ್ಟಳು.

"ದಾರ ಹಿಗ್ಗುತ್ತೆ ಕಣೇ. ಕೈ ಹಿಗ್ಗಲ್ಲ," ಅಂದ ಅಂದಾಜಣ್ಣ. ಸಂದಿನ ಎರಡು ಗೋಡೆಗೆ ಎರಡು ಅಂಗೈ ಒತ್ತಿದ, ಆ ಅಂತರವನ್ನು ಹಾಗೆಯೇ ಹಿಡಿದು, ಕೈ ಅಲ್ಲಾಡಿಸದೆ ಗುಜರಿಯ ಕಡೆಗೆ ನಡೆದ.

ಗೇಟು ತೆಗೆಯಲು ಕೈಯಿಲ್ಲ. ಎದುರು ಮನೆಯ ಟೈಲರಮ್ಮ ಬಂದು ತೆಗೆದುಕೊಟ್ಟಳು. ಪೇಪರಿನವನು ಸೈಕಲ್ಲಿನಿಂದ ಇಳಿದು ಪಕ್ಕಕ್ಕೆ ಸರಿದು ನಿಂತ. ಅಂದಾಜಣ್ಣ ದೊಡ್ಡ ಗಾಜು ಹೊತ್ತಿದ್ದಾನೆ, ತನಗೆ ಕಾಣುತ್ತಿಲ್ಲ ಅಷ್ಟೇ ಅಂತ ಅವನಿಗನ್ನಿಸಿತ್ತು. ಮೂಗಿನ ಮೇಲೆ ನೊಣ ಕೂತಿತು. ಅಂದಾಜಣ್ಣ ಸಹಿಸಿದ. ಎರಡು ಬೀದಿ ಹೀಗೆ ಗೆದ್ದ. ಮೂರನೇ ಬೀದಿಯ ತಿರುವಿನಲ್ಲಿ ಅವನ ಮೇಲಧಿಕಾರಿ ಎದುರಾದರು.

ಹತ್ತೊಂಬತ್ತು ವರ್ಷದ ನೌಕರಿ, ಕೈ ತಾನಾಗೇ ಹಣೆಗೆ ಹೋಯಿತು. ಸಾಹೇಬರು ತಲೆಯಾಡಿಸಿ ಮುಂದೆ ಹೋದರು. ಅಂದಾಜಣ್ಣ ತನ್ನ ಬಲಗೈಯನ್ನು ನೋಡಿದ, ಎಡಗೈಯನ್ನು ನೋಡಿದ, ಬಲಗೈಯನ್ನು ಮೊದಲಿದ್ದ ಜಾಗಕ್ಕೇ ವಾಪಸು ಇಟ್ಟ. ಮೊದಲಿದ್ದ ಜಾಗ ಯಾವುದು ಅನ್ನುವುದು ಅಂದಾಜು. ಗುಜರಿಯಲ್ಲಿ ನೋಡಿದರೆ ಕೌಂಟರು ಕೈಗಳ ನಡುವೆ ಹೇಳಿ ಮಾಡಿಸಿದ ಹಾಗೆ ಕೂತಿತು.

ಶುಕ್ರವಾರ ಸಂಜೆ ತಳ್ಳುಗಾಡಿಯವರು ನಾಲ್ಕು ಜನ ಅದನ್ನು ತಂದರು. ಸಂದಿಗೆ ನೇರವಾಗಿ ತೂರಿಸಿದರು, ಅಡ್ಡ ತೂರಿಸಿದರು, ಮಲಗಿಸಿ ತೂರಿಸಿದರು. ಕೊನೆಗೆ ಅವರಲ್ಲಿ ಹಿರಿಯನು, "ಅಣ್ಣಾ, ಮನೆ ಸ್ವಲ್ಪ ಆ ಕಡೆ ಸರಿಸ್ತೀರಾ?" ಅಂದ. ಅಲ್ಲಿಗೆ ಚರ್ಚೆ ಮುಗಿಯಿತು. ಕೌಂಟರು ಮನೆಯ ಮುಂದಿನ ಅಂಗಳದಲ್ಲೇ, ಮೊಣಕಾಲೆತ್ತರದ ಕಾಂಪೌಂಡಿಗೆ ತಾಗಿ ನಿಂತಿತು. ಬಾಗಿಲು ಮನೆಯ ಕಡೆಗಿರಲಿ, ಮೊಟ್ಟೆ ತೆಗೆಯಲು ಅನುಕೂಲ ಅಂತ ಹೆಂಡತಿ ಹೇಳಿದಳು. ಬಾಗಿಲು ಮನೆಯ ಕಡೆಗಾದ ಮೇಲೆ ಕಿಂಡಿ ಬೀದಿಯ ಕಡೆಗೆ ಆಗಲೇಬೇಕು. ಅದರಲ್ಲಿ ಯಾರ ತಪ್ಪೂ ಇಲ್ಲ.

ಶನಿವಾರ ರಜೆ. ಅಂದಾಜಣ್ಣ ಬೆಳಿಗ್ಗೆಯೇ ಸುತ್ತಿಗೆ ಹಿಡಿದು ಗೂಡಿನೊಳಗೆ ಸೇರಿಕೊಂಡ. 'ವಿಚಾರಣೆ'ಯ ಮೇಲೆ ಬಳಿಯೋಣವೆಂದರೆ ಡಬ್ಬದ ತಳದಲ್ಲಿದ್ದ ಬಣ್ಣ ಬಾಗಿಲಿಗೇ ಮುಗಿದಿತ್ತು. ಹೊಸ ಡಬ್ಬ ತರುವುದು ಬಜೆಟ್ಟಿನಲ್ಲಿರಲಿಲ್ಲ. ಇರಲಿ, ಕೋಳಿಗೆ ಓದಲು ಬರುತ್ತದೆಯೇ?

ಮುರಿದ ಪೊರಕೆಯ ಕೋಲುಗಳನ್ನು ಅಡ್ಡಕ್ಕೆ ಬಡಿಯುತ್ತಿದ್ದಾಗ ಕಿಂಡಿಯಿಂದ ಒಂದು ಕೈ ಒಳಗೆ ಬಂತು. ಕೈಯಲ್ಲಿ ಒಂದು ಕಾಗದವಿತ್ತು.

ಇಲ್ಲಿ ಅಂದಾಜಣ್ಣನ ಮೇಲೆ ತಪ್ಪು ಹೊರಿಸುವವರು ಸ್ವಲ್ಪ ತಾಳ್ಮೆಯಿಂದ ಯೋಚಿಸಬೇಕು. ಕಿಂಡಿ ಇದೆ, ಕಾಗದ ಇದೆ, ತಾನು ಒಳಗಿದ್ದಾನೆ. ಅವನು ಬಾಯಿಯಲ್ಲಿ ಕಚ್ಚಿಕೊಂಡಿದ್ದ ಮೊಳೆಗಳನ್ನು ಉಗಿದು, ಕಾಗದ ತೆಗೆದುಕೊಂಡು, ಮುಖ ನೋಡದೆ ಹೇಳಿದ: "ಇನ್ನೊಂದು ಪ್ರತಿ ಬೇಕು. ವಿಳಾಸದ ದಾಖಲೆ ಲಗತ್ತಿಸಿಲ್ಲ. ನಾಳೆ ಬನ್ನಿ."

ಕೈ ಹಿಂದಕ್ಕೆ ಹೋಯಿತು. ಅದು ಪಕ್ಕದ ಬೀದಿಯ ನಿವೃತ್ತ ಮೇಷ್ಟ್ರ ಕೈ. ಮೂರು ತಿಂಗಳಿಂದ ಒಂದು ಪ್ರಮಾಣಪತ್ರಕ್ಕಾಗಿ ಮೂರನೇ ಕೌಂಟರಿಗೆ ಅಲೆದವರು. ಅವರು ಖುಷಿಯಿಂದ ಬೀದಿಯುದ್ದಕ್ಕೂ ಹೇಳಿಕೊಂಡು ಹೋದರು. "ಅಂದಾಜಣ್ಣನಿಗೆ ಮನೇಲೇ ಶಾಖೆ ಕೊಟ್ಟಿದಾರೆ. ಶನಿವಾರಾನೂ ಇದೆ. ಅದೇ ಮನುಷ್ಯ, ಅದೇ ಮಾತು. ಅಸಲಿ ಕಚೇರಿಯೇ."

ಮಧ್ಯಾಹ್ನದ ಹೊತ್ತಿಗೆ ಏಳು ಜನ ನಿಂತಿದ್ದರು. ಅಂದಾಜಣ್ಣ ಕಿಂಡಿಯಿಂದ ಮುಖ ತೂರಿಸಿ, "ಇದು ಕೋಳಿಗೂಡು, ಹೋಗ್ರಪ್ಪ," ಅಂದ.

"ಅಲ್ಲಿ ಹೋದ್ರೆ ಊಟದ ಸಮಯ ಅಂತೀರಿ, ಇಲ್ಲಿ ಬಂದ್ರೆ ಕೋಳಿಗೂಡು ಅಂತೀರಿ," ಅಂದಳು ಟೈಲರಮ್ಮ. "ನಾವೇನು ನಿನ್ನೆ ಹುಟ್ಟಿದವರಾ?"

"ಅಮ್ಮಾ, ನಿಜವಾಗ್ಲೂ ಕೋಳಿಗೂಡು. ನೋಡಿ, ಅಡ್ಡಕೋಲು."

"ನಿಮಗೆ ಕುರ್ಚಿನೂ ಕೊಟ್ಟಿಲ್ವಾ? ಪಾಪ. ಸರಿ, ಇದನ್ನ ನೋಡಿ." ಕೈ ಚಾಚಿದಳು. ಅಂದಾಜಣ್ಣನ ಕೈ ತೆಗೆದುಕೊಂಡಿತು. ಬಾಯಿ, "ಸಹಿ ಮೇಲೆ ಮೊಹರು ಇಲ್ಲ," ಅಂದಿತು. ಅವನಿಗೇ ತನ್ನ ಬಾಯಿಯ ಮೇಲೆ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಸಾಲು ಬೀದಿಯ ಮೂಲೆ ತಿರುಗಿತ್ತು. ಅರ್ಧ ಜನಕ್ಕೆ ಯಾತಕ್ಕೆ ನಿಂತಿದ್ದೇವೆಂದು ಗೊತ್ತಿರಲಿಲ್ಲ. ಸಾಲು ಇಷ್ಟುದ್ದವಿದೆಯೆಂದರೆ ಏನೋ ಒಳ್ಳೆಯದೇ ಕೊಡುತ್ತಿರಬೇಕು ಅಂತ ನಿಂತಿದ್ದರು. ಅಂದಾಜಣ್ಣ ಒಳಗೆ ಬೆವರುತ್ತ ಕೊನೆಯ ಮೊಳೆ ಬಡಿಯುತ್ತಿದ್ದ. ಬಡಗಿಯ ಅಂಗಡಿಯಿಂದ ಬೇಡಿ ತಂದ ಮರದ ಹೊಟ್ಟನ್ನು ನೆಲಕ್ಕೆ ಹಾಸಿದ್ದ. ಕಚೇರಿಯಲ್ಲಿ ಎಸೆದಿದ್ದ ಎರಡು ಕಡತದ ತಟ್ಟೆಗಳನ್ನು ಮೂಲೆಗಿಟ್ಟು, ಮೊಟ್ಟೆಯಿಡುವ ಜಾಗ ಮಾಡಿ, ಮುಂದೆ ಗೋಣಿಯ ಪರದೆ ಇಳಿಬಿಟ್ಟಿದ್ದ. ಈ ಒಂದು ಪರದೆ ಸರಿಯಾಗಿ ಕೂತಿತ್ತು. ಅಡ್ಡಕೋಲುಗಳೂ ಸರಿಯಾಗಿದ್ದವು. ಏಕೆಂದರೆ ಆ ತೆಳು ಪುಸ್ತಕ ಬರೆದ ಮಹಾನುಭಾವರು ಅಳತೆಗಳನ್ನೆಲ್ಲ ಗೇಣಿನಲ್ಲಿ ಕೊಟ್ಟಿದ್ದರು. ಒಂದು ಕೋಳಿಗೆ ಒಂದು ಗೇಣು ಕೋಲು, ನೆಲದಿಂದ ಎರಡು ಗೇಣು ಎತ್ತರ. ಗೇಣು ಅಂದಾಜಣ್ಣನ ಕೈಗೇ ಅಂಟಿಕೊಂಡಿತ್ತು, ಬೀದಿಯಲ್ಲಿ ಕಳೆದುಹೋಗುವ ಹಾಗಿರಲಿಲ್ಲ.

ಹತ್ತೂವರೆಗೆ ಪುರಸಭೆಯ ಇನ್ಸ್‌ಪೆಕ್ಟರು ಬಂದರು. ಭಾನುವಾರವೂ ಬಂದರೆಂದರೆ ದೂರು ದೊಡ್ಡದೇ ಇರಬೇಕು. ದೂರು ಕೊಟ್ಟವರು ಸಾಲಿನಲ್ಲೇ ಇದ್ದರು. ಅನುಮತಿಯಿಲ್ಲದ ಕಚೇರಿ ಅಂತಲ್ಲ, ಕಚೇರಿ ಹೊತ್ತಿಗೆ ಸರಿಯಾಗಿ ತೆಗೆಯುವುದಿಲ್ಲ ಅಂತ ಅವರ ದೂರು. ಇನ್ಸ್‌ಪೆಕ್ಟರು ಪಟ್ಟಿ ತೆಗೆದು ನೋಡಿದರೆ ಅಂಥ ಕಚೇರಿಯೇ ಇರಲಿಲ್ಲ.

ಅವರು ಗತ್ತಿನಿಂದ ಮುಂದೆ ನಡೆದರು. ಮೇಷ್ಟ್ರು ಕೊಡೆ ಅಡ್ಡ ಹಿಡಿದರು. "ಸಾಲಲ್ಲಿ ಬನ್ನಿ."

"ನಾನು ಇನ್ಸ್‌ಪೆಕ್ಟರು ಕಣ್ರೀ."

"ಇಲ್ಲಿ ಎಲ್ಲರಿಗೂ ಕೆಲಸ ಇದೆ. ಮೇಲೆ ಬರೆದಿದೆ ನೋಡಿ, ಸಾಲಾಗಿ ನಿಲ್ಲಿರಿ."

ಇನ್ಸ್‌ಪೆಕ್ಟರು ಮೇಲೆ ನೋಡಿದರು. ಬರೆದಿದ್ದು ನಿಜ. ಬರೆದಿದ್ದನ್ನು ಮೀರಿದ ಅಭ್ಯಾಸ ಅವರಿಗಿರಲಿಲ್ಲ. ಸಾಲಿನ ತುದಿಗೆ ಹೋಗಿ ನಿಂತು, ಮುಕ್ಕಾಲು ಗಂಟೆ ಬಿಸಿಲಲ್ಲಿ ಬೆಂದು, ಕಿಂಡಿಗೆ ಬಂದಾಗ ಅವರ ಮುಖ ಮಾಗಿದ ಟೊಮೆಟೊ ಆಗಿತ್ತು.

ಈ ನಡುವೆ ಅತ್ತೆಯೂ ಬಂದಿಳಿದಿದ್ದಳು. ಅಂಗಡಿಯವನ ಗಾಡಿ ಮೂಲೆಯಲ್ಲಿ ನಿಂತಿತು. ಐದು ಬುಟ್ಟಿ, ಪಕ್ಕದಲ್ಲಿ ಅವನ ಕಬ್ಬಿಣದ ಪಂಜರ. ಟೈಲರಮ್ಮ, "ಮುಂದೆ ಹೋಗಿ ಅಜ್ಜಿ, ಪರವಾಗಿಲ್ಲ," ಅಂದಳು.

"ಈ ವಯಸ್ಸಿನ ತನಕ ಯಾರನ್ನೂ ದಾಟಿ ನುಗ್ಗಿದವಳಲ್ಲ ನಾನು," ಅಂದು ಅತ್ತೆ ಬುಟ್ಟಿಗಳ ಜೊತೆ ಸಾಲಿನ ಕೊನೆಗೆ ನಿಂತಳು. ಅಂಗಡಿಯವನು ಗಡಿಯಾರ ನೋಡಿದ. ಅವನಿಗೆ ಭಾನುವಾರ ವ್ಯಾಪಾರದ ದಿನ. "ಅಮ್ಮಾ, ಹನ್ನೆರಡರ ಒಳಗೆ ನಾನು ಅಂಗಡೀಲಿರಬೇಕು. ಆಮೇಲೆ ಬೇಜಾರು ಮಾಡ್ಕೋಬೇಡಿ," ಅಂದ. ಕೆಟ್ಟ ಮನುಷ್ಯನಲ್ಲ, ಆದರೆ ಅವನ ಕಸುಬು ಅವನಿಗೆ.

ಕಿಂಡಿಯ ಹತ್ತಿರ ವಿಚಾರಣೆ ಶುರುವಾಗಿತ್ತು.

"ಇದು ಯಾವ ಇಲಾಖೆ?" ಅಂದರು ಇನ್ಸ್‌ಪೆಕ್ಟರು.

"ಇಲಾಖೆ ಅಲ್ಲ ಸಾರ್, ಕೋಳಿಗೂಡು."

"ವಿಚಾರಣೆ ಅಂತ ಬರೆದಿದೆ."

"ಬಣ್ಣ ಮುಗಿದೋಯ್ತು ಸಾರ್."

"ಸಾಲು ಇದೆ."

"ಅದು ತಾನಾಗೇ ಆಗಿದ್ದು."

"ಒಳಗೆ ಗುಮಾಸ್ತ ಇದಾರೆ."

ಅಂದಾಜಣ್ಣ ಕೈಯಲ್ಲಿದ್ದ ಸುತ್ತಿಗೆಯನ್ನು ಎತ್ತಿ ತೋರಿಸಿದ.

"ಸರಿ. ಕೋಳಿಗೂಡು ಅಂತ ಇಟ್ಕೊಳ್ಳೋಣ. ಕೋಳಿ ಎಲ್ಲಿ?"

ಅಂದಾಜಣ್ಣ ತಂತಿಬಲೆಗೆ ಕೆನ್ನೆಯೊತ್ತಿ ಬೀದಿಯುದ್ದಕ್ಕೂ ನೋಡಿದ. ದೂರದಲ್ಲಿ ಅತ್ತೆಯ ಬಿಳಿ ತಲೆ ಕಂಡಿತು. "ಸಾಲಲ್ಲಿದಾವೆ ಸಾರ್."

ಇನ್ಸ್‌ಪೆಕ್ಟರು ಚೀಲದಿಂದ ಅಂಟು, ನೋಟೀಸು, ಸೀಲು ಹಾಕುವ ಪಟ್ಟಿ ತೆಗೆದರು. "ಅನಧಿಕೃತ ಕಚೇರಿ. ಹೊರಗೆ ಬನ್ನಿ, ಬಾಗಿಲಿಗೆ ಸೀಲು ಹಾಕ್ಬೇಕು."

"ಸೀಲು ಹಾಕೋ ಹಾಗಿಲ್ಲ," ಅಂತ, ಆಗಲೇ ಒಮ್ಮೆ ವಾಪಸಾಗಿ ಮತ್ತೆ ಸಾಲು ಸೇರಿದ್ದ ಮೇಷ್ಟ್ರು ಮುಂದೆ ಬಂದರು. "ಎರಡೆರಡು ಪ್ರತಿ ಮಾಡಿಸ್ಕೊಂಡು ಬಂದಿದೀನಿ. ಇಂಥ ಒಳ್ಳೆ ಕಚೇರಿ ಈ ಬೀದಿಗೆ ಇನ್ನೊಂದು ಬರಲ್ಲ." ಹಿಂದಿನಿಂದ ಎಲ್ಲರೂ ಹೌದು ಹೌದು ಅಂದರು. ಇನ್ನೊಬ್ಬರು, ಇಲ್ಲಿನ ಗುಮಾಸ್ತರು ಬಹಳ ಒಳ್ಳೆಯವರು, ವಾಪಸು ಕಳಿಸಿದರೂ ನಗುತ್ತಾ ಕಳಿಸುತ್ತಾರೆ ಅಂದರು.

"ಕೇಳಿದ್ರಾ?" ಇನ್ಸ್‌ಪೆಕ್ಟರು ಅಂಟಿನ ಮುಚ್ಚಳ ತೆಗೆದರು. "ಸಾರ್ವಜನಿಕರೇ ಕಚೇರಿ ಅಂತ ಒಪ್ತಿದಾರೆ."

ಬಾಗಿಲಿಗೆ ಆ ಪಟ್ಟಿ ಬಿದ್ದರೆ ದೊರೆಸಾನಿ ಪಂಜರಕ್ಕೆ. ಹತ್ತೊಂಬತ್ತು ವರ್ಷ ಕಿಂಡಿಯ ಒಳಗೆ ಕೂತು ಜನರಿಗೆ ನಾಳೆ ಬನ್ನಿ ಅಂದವನಿಗೆ ಈಗ ನಾಳೆ ಅನ್ನುವುದೇ ಇರಲಿಲ್ಲ. ಅವನು ಕಿಂಡಿಯಿಂದ ಎರಡು ಕೈಯನ್ನೂ ಹೊರಗೆ ಚಾಚಿದ, ಜೀವಮಾನದಲ್ಲಿ ಮೊದಲ ಸಲ ಒಳಗಿನಿಂದ ಹೊರಗಿನವರನ್ನು ಬೇಡಿದ.

"ಮೇಷ್ಟ್ರೇ, ಟೈಲರಮ್ಮ, ಇದು ಕಚೇರಿ ಅಲ್ಲ. ನಂಬಿ. ಆ ತುದೀಲಿ ನಮ್ಮತ್ತೆ ನಿಂತಿದಾಳೆ. ಅವಳ ಕೋಳಿ ಈ ಗಳಿಗೇಲಿ ಒಳಗೆ ಬರದಿದ್ರೆ ಅವನ್ನ ಅಂಗಡಿಗೆ ಒಯ್ದು ಕುಯ್ತಾರೆ. ಅವಳಿಗೆ ಬೇರೆ ಯಾರೂ ಇಲ್ಲ. ದಮ್ಮಯ್ಯ, ಕೋಳಿ ಮುಂದೆ ಕೊಡಿ."

ಜನ ಒಬ್ಬೊಬ್ಬರಾಗಿ ಹಿಂದೆ ತಿರುಗಿ ನೋಡಿದರು. ಕೊನೆಯಲ್ಲಿ ಒಬ್ಬ ಮುದುಕಿ, ಕಾಲಿನ ಬಳಿ ಐದು ಬುಟ್ಟಿ, ಎರಡು ಕೈಯಲ್ಲಿ ಅಪ್ಪಿ ಹಿಡಿದ ಒಂದು ಕಪ್ಪು ಕೋಳಿ.

"ಅಯ್ಯೋ, ಮೊದಲೇ ಹೇಳಬಾರದಾ?" ಅಂದಳು ಟೈಲರಮ್ಮ. ಎರಡು ದಿನದಿಂದ ಹೇಳುತ್ತಲೇ ಇದ್ದ, ಆ ಮಾತು ಬೇರೆ.

ಅತ್ತೆ ದಾಟಿ ಬರಲು ಒಪ್ಪಲಿಲ್ಲ. ಆದರೆ ಕೋಳಿ ಬರಬಹುದಲ್ಲ. ಮೊದಲು ಕೈ ನೀಡಿದವನು ಕೋಳಿ ಅಂಗಡಿಯವನೇ. "ರೆಕ್ಕೆ ಸೇರಿಸಿ ಹಿಡೀರಿ, ಕಾಲು ಹಿಡಿದು ಎಳೀಬೇಡಿ, ಎದೆಗೆ ಒತ್ತಿಕೊಳ್ಳಿ," ಅಂತ ಸಾಲಿನುದ್ದಕ್ಕೂ ಪಾಠ ಹೇಳುತ್ತ ಒಂದೊಂದನ್ನೇ ಎತ್ತಿಕೊಟ್ಟ. ಕೋಳಿಗಳು ಕೈಯಿಂದ ಕೈಗೆ ಹೊರಟವು. ಅರ್ಜಿಗಳನ್ನು ಬಗಲಲ್ಲಿ ಅದುಮಿಕೊಂಡು ಜನ ಕೋಳಿ ಹಿಡಿದರು. ಪೇಪರಿನವನು ಹಿಡಿದ, ಮೇಷ್ಟ್ರು ಕನ್ನಡಕ ಜಾರಿಸಿಕೊಂಡು ಹಿಡಿದರು. ಕಿಂಡಿಯ ಮುಂದೆ ನಿಂತಿದ್ದವರು ಇನ್ಸ್‌ಪೆಕ್ಟರು. ಬೇರೆ ದಾರಿಯಿಲ್ಲದೆ ಅವರೂ ಅಂಟಿನ ಡಬ್ಬಿಯನ್ನು ಕಾಂಪೌಂಡಿನ ಮೇಲಿಟ್ಟು ಹಿಡಿದರು, ಕಿಂಡಿಯೊಳಗೆ ತೂರಿಸಿದರು. ಅಂದಾಜಣ್ಣ ಒಳಗಿಂದ ಸ್ವೀಕರಿಸಿದ. ಒಂದು, ಎರಡು, ಮೂರು, ನಾಲ್ಕು. ಯಾವುದರಲ್ಲೂ ಏನೂ ಕಡಿಮೆಯಿರಲಿಲ್ಲ.

ಐದನೆಯದು ದೊರೆಸಾನಿ. ಇನ್ಸ್‌ಪೆಕ್ಟರ ಕೈಗೆ ಬಂದಾಗ ಅದು ಅವರ ಜೇಬಿನ ಪೆನ್ನನ್ನು ಒಮ್ಮೆ ಕುಕ್ಕಿ, ಗಂಭೀರವಾಗಿ ಒಳಗೆ ಹೋಯಿತು. ಸುತ್ತಲೂ ನೋಡಿತು. ಗೋಣಿಯ ಪರದೆ ಸರಿಸಿಕೊಂಡು ಕಡತದ ತಟ್ಟೆಯೊಳಗೆ ಸೇರಿತು.

ಇನ್ಸ್‌ಪೆಕ್ಟರು ಕಿಂಡಿಯಿಂದ ಬಗ್ಗಿ ನೋಡಿದರು. ನಾಲ್ಕು ಕೋಳಿ ಪೊರಕೆ ಕೋಲಿನ ಮೇಲೆ ಗೇಣಿಗೊಂದರಂತೆ ಸಾಲಾಗಿ ಕೂತಿದ್ದವು. ಹೊಟ್ಟು ಒಣಗಿತ್ತು, ತಂತಿಬಲೆ ಬಿಗಿಯಾಗಿತ್ತು, ಚಿಲಕ ಗಟ್ಟಿಯಿತ್ತು, ಗಾಳಿ ಆಡುತ್ತಿತ್ತು.

"ಮನೆ ಅಂಗಳದಲ್ಲಿ ಆರು ಕೋಳಿ ತನಕ ಅಡ್ಡಿಯಿಲ್ಲ," ಅಂದರು ಅವರು, ಸ್ವಲ್ಪ ಬೇಸರದಿಂದಲೇ. ಪಟ್ಟಿ ಸುತ್ತಿ ಚೀಲಕ್ಕೆ ಹಾಕಿ, ಹೋಗುವ ಮೊದಲು ದನಿ ತಗ್ಗಿಸಿ ಕೇಳಿದರು: "ಈ ಕೌಂಟರು ಎಲ್ಲಿ ಸಿಕ್ತು? ನಮ್ಮ ಮನೆಯವಳೂ ಕೋಳಿ ಕೋಳಿ ಅಂತಿರ್ತಾಳೆ."

ಕೋಳಿ ಅಂಗಡಿಯವನು ಖಾಲಿ ಪಂಜರವನ್ನು ಗಾಡಿಗೆ ಹಾಕಿಕೊಂಡು ಅತ್ತೆಗೆ ತಲೆಯಾಡಿಸಿ ಹೊರಟುಹೋದ. ಅವನೇ ಎಲ್ಲರಿಗಿಂತ ಹಗುರಾಗಿ ಹೋದ ಹಾಗೆ ಕಂಡಿತು. ಸಾಲು ಮಾತ್ರ ಚದುರಲಿಲ್ಲ. ಇಷ್ಟು ಹೊತ್ತು ನಿಂತಿದ್ದೇವೆ, ಕಿಂಡಿ ತನಕ ಹೋಗಿ ಕೋಳಿಯನ್ನಾದರೂ ನೋಡಿ ಹೋಗೋಣ ಅಂತ ಜನ ಒಬ್ಬೊಬ್ಬರಾಗಿ ಬಂದರು, ಬಗ್ಗಿದರು, ಚೆನ್ನಾಗಿದೆ ಅಂದರು. ಅಂದಾಜಣ್ಣನ ಹೆಂಡತಿ ಬಾಗಿಲ ಬಳಿ ನಿಂತು ಬಂದವರಿಗೆಲ್ಲ, "ನಮ್ಮವರೇ ಕಟ್ಟಿದ್ದು, ಖರ್ಚೇನೂ ಇಲ್ಲ," ಅಂತ ಹೇಳುತ್ತಿದ್ದಳು. ಕಪಾಟಿನ ಮಾತು ಎತ್ತಲಿಲ್ಲ.

ಎಲ್ಲರಿಗಿಂತ ಕೊನೆಗೆ ಅತ್ತೆಯ ಸರದಿ ಬಂತು. ಅಷ್ಟೊತ್ತಿಗೆ ಆಕೆಯ ಹಿಂದೆ ಇನ್ನೂ ನಾಲ್ಕು ಜನ ಹೊಸಬರು ನಿಂತಾಗಿತ್ತು. ಆಕೆ ಖಾಲಿ ಕೈ ಹಿಡಿದು ಕಿಂಡಿಯ ಮುಂದೆ ನಿಂತಳು. ಅದೇ ಹೊತ್ತಿಗೆ ಗೋಣಿಯ ಹಿಂದಿನಿಂದ ಬೀದಿಗೆಲ್ಲ ಕೇಳುವ ಹಾಗೆ ದೊರೆಸಾನಿ ಕೂಗು ಹಾಕಿತು. ಬೆಳಗಿನಿಂದ ಬುಟ್ಟಿಯಲ್ಲಿ ಪಾಪ ತಡೆದುಕೊಂಡಿತ್ತು.

ಅಂದಾಜಣ್ಣ ಪರದೆ ಸರಿಸಿ ಕೈ ಹಾಕಿದ. ತೆಗೆದುಕೊಂಡದ್ದನ್ನು ಎರಡು ಕೈಯಲ್ಲಿ ಹಿಡಿದು, ಈ ಸಲ ಮುಖ ನೋಡುತ್ತ, ಕಿಂಡಿಯಿಂದ ಹೊರಗೆ ಕೊಟ್ಟ. ಮೊಟ್ಟೆ ಇನ್ನೂ ಬೆಚ್ಚಗಿತ್ತು. ಅತ್ತೆ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಕಣ್ಣಲ್ಲಿ ನೀರು ಇಳಿಯಿತು, ಆಕೆ ಒರೆಸಿಕೊಳ್ಳಲಿಲ್ಲ.

"ದಿನಾ ಬರ್ತೀನಿ ಕಣೋ," ಅಂದಳು.

"ಬಾ ಅತ್ತೆ," ಅಂದ ಅಂದಾಜಣ್ಣ.

ಅತ್ತೆ ಮೊಟ್ಟೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಪಕ್ಕಕ್ಕೆ ಸರಿದಳು. "ಮುಂದಿನವರು ಬನ್ನಿ ಅನ್ನೋ. ಹಿಂದೆ ಜನ ಕಾಯ್ತಿದಾರೆ."